ತಲಕಾಡಿನ ಪ್ರೇಕ್ಷಣೀಯ ಸ್ಥಳಗಳು: ಐತಿಹ್ಯ ಮತ್ತು ಚರಿತ್ರೆಯ ಮುಖಾಮುಖಿ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿಯ ಎಡದಂಡೆಯ ಮೇಲೆ ಇರುವ ತಲಕಾಡು ಇಂದು ಒಂದು ಸಣ್ಣ ಊರು. ಒಂದು ಕಾಲಕ್ಕೆ ಇದು ಗಂಗರ ರಾಜಧಾನಿಯಾಗಿತ್ತು. ಅನಂತರ ಚೋಳರ, ಹೊಯ್ಸಳರ, ವಿಜಯನಗರದ ಮತ್ತು ಮೈಸೂರು ಅರಸರ ಆಳ್ವಿಕೆಗೆ ಒಳಪಟ್ಟಿತು. ಇಲ್ಲಿಗೆ ಬರುವ ಪ್ರವಾಸಿಗರು ಹೊಳೆಯ ದಂಡೆ, ಮರಳದಿಬ್ಬಗಳು, ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ ಮತ್ತು ಕೀರ್ತಿನಾರಾಯಣ ದೇವಾಲಯಗಳು ಹಾಗೂ ಸಮೀಪದ ಮುಡುಕುತೊರೆಯ ಬೆಟ್ಟವನ್ನು ನೋಡಿ ಹಿಂದಿರುಗುತ್ತಾರೆ. ಈ ಎಲ್ಲ ಸ್ಥಳಗಳನ್ನೂ ಒಂದು ಸೂತ್ರದಲ್ಲಿ ಪೋಣಿಸಿ ಹೇಳುವ ಕಥೆ ಅಲಮೇಲಮ್ಮನ ಶಾಪದ್ದು. ಪ್ರವಾಸಿ ಕೈಪಿಡಿಗಳಲ್ಲಿಯೂ ಸಾಮಾನ್ಯ ಜನರ ಮಾತಿನಲ್ಲಿಯೂ ತಲಕಾಡು ಎಂದರೆ ಶಾಪಗ್ರಸ್ತ ಊರು ಎಂಬ ಭಾವನೆ ಬೇರೂರಿದೆ.

ಶಾಪದ ಕಥೆ ನಿಜವೋ ಸುಳ್ಳೋ ಎಂಬ ಪ್ರಶ್ನೆಯ ಸುತ್ತಲೇ ಇದುವರೆಗಿನ ಬಹುಪಾಲು ಚರ್ಚೆ ನಡೆದಿದೆ. ಆದರೆ ಜಾನಪದ ಅಧ್ಯಯನದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆಯೇ ಆಗಿದೆ. ತಲಕಾಡಿನ ಒಂದೊಂದು ಪ್ರೇಕ್ಷಣೀಯ ಸ್ಥಳಕ್ಕೂ ತನ್ನದೇ ಆದ ಐತಿಹ್ಯವಿದೆ; ಈ ಐತಿಹ್ಯಗಳು ಬೇರೆ ಬೇರೆ ಕಾಲದ, ಬೇರೆ ಬೇರೆ ಸಮುದಾಯಗಳ ಅನುಭವವನ್ನು ಹೊತ್ತಿವೆ. ಅವುಗಳಲ್ಲಿ ಅರಮನೆಗೆ ಸಂಬಂಧಿಸಿದ ಒಂದು ಕಥೆ ಉಳಿದೆಲ್ಲವನ್ನೂ ಹಿಂದಕ್ಕೆ ಸರಿಸಿದ್ದು ಹೇಗೆ, ಅದರಿಂದ ಈ ಊರಿನ ಚರಿತ್ರೆಗೆ ಆದ ನಷ್ಟವೇನು ಎಂಬುದನ್ನು ಪ್ರಸ್ತುತ ಪ್ರಬಂಧ ಪರಿಶೀಲಿಸುತ್ತದೆ.

ತಲ, ಕಾಡ ಮತ್ತು ವೈದ್ಯೇಶ್ವರ

ಶಾಸನಗಳು ಈ ಊರನ್ನು ತಲವನಪುರ ಎಂಬ ಸಂಸ್ಕೃತ ಹೆಸರಿನಿಂದಲೂ ಕರೆದಿವೆ. ಚೋಳರ ಕಾಲದಲ್ಲಿ ಇದಕ್ಕೆ ರಾಜರಾಜಪುರ ಎಂಬ ಹೆಸರು ಬಂದಿತು. ಆದರೆ ರಾಜರು ಕೊಟ್ಟ ಹೆಸರು ರಾಜರೊಂದಿಗೇ ಹೋಯಿತು. ಜನರ ಬಾಯಲ್ಲಿದ್ದ ತಲಕಾಡು ಎಂಬ ಹೆಸರೇ ಉಳಿಯಿತು. ಈ ಹೆಸರಿಗೆ ಸ್ಥಳಪುರಾಣ ನೀಡುವ ವಿವರಣೆ ಸ್ವಾರಸ್ಯಕರವಾಗಿದೆ. ತಲ ಮತ್ತು ಕಾಡ ಎಂಬ ಇಬ್ಬರು ಬೇಡರು ಕಾಡಾನೆಗಳು ಒಂದು ಮರವನ್ನು ಪೂಜಿಸುತ್ತಿದ್ದುದನ್ನು ಕಂಡು, ಕುತೂಹಲದಿಂದ ಆ ಮರಕ್ಕೆ ಕೊಡಲಿಯೇಟು ಹಾಕಿದರು. ಮರದಿಂದ ರಕ್ತ ಹರಿಯಿತು. ಬೆದರಿದ ಬೇಡರಿಗೆ ಅದೇ ಮರದ ಎಲೆಯನ್ನೂ ಕಾಯನ್ನೂ ಗಾಯಕ್ಕೆ ಹಚ್ಚುವಂತೆ ಆದೇಶವಾಯಿತು. ಹಾಗೆ ಮಾಡಲು ಗಾಯ ಮಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಕಾರಣ ಇಲ್ಲಿಯ ಶಿವನಿಗೆ ವೈದ್ಯೇಶ್ವರನೆಂಬ ಹೆಸರು ಬಂದಿತೆಂದು ನಂಬಿಕೆ. ಆನೆಗಳು ಪೂರ್ವದಲ್ಲಿ ಸೋಮದತ್ತನೆಂಬ ಋಷಿ ಮತ್ತು ಆತನ ಶಿಷ್ಯರಾಗಿದ್ದರೆಂದು ಪುರಾಣ ಸೇರಿಸುತ್ತದೆ.

ಊರಿನ ಹೆಸರಿಗೆ ಈ ಕಥೆ ಭಾಷಾಶಾಸ್ತ್ರದ ಆಧಾರವನ್ನು ಒದಗಿಸುವುದಿಲ್ಲ. ಇದು ಜನಪದ ನಿಷ್ಪತ್ತಿಯ ಒಂದು ಉದಾಹರಣೆ. ಆದರೂ ಇದರ ಮಹತ್ವ ಕಡಿಮೆಯಲ್ಲ. ಋಷಿಯ ಅಂಶವನ್ನು ಬದಿಗಿರಿಸಿ ನೋಡಿದರೆ ಮರ, ಆನೆ, ಬೇಡ, ಕೊಡಲಿ, ಸೊಪ್ಪಿನ ಮದ್ದು ಇವಿಷ್ಟೇ ಉಳಿಯುತ್ತವೆ. ಅಂದರೆ ಊರಿನ ಮೂಲವನ್ನು ಈ ಕಥೆ ಸಿಂಹಾಸನದಲ್ಲಿ ಅರಸದೆ ಕಾಡಿನಲ್ಲಿ ಅರಸುತ್ತದೆ. ಗಂಗರು, ಚೋಳರು, ಹೊಯ್ಸಳರು ಆಳಿದ ರಾಜಧಾನಿಯೊಂದು ತನ್ನ ಹೆಸರಿಗೆ ಇಬ್ಬರು ಬೇಡರನ್ನು ಮೂಲಪುರುಷರನ್ನಾಗಿ ಒಪ್ಪಿಕೊಂಡಿರುವುದು ಗಮನಾರ್ಹ ಸಂಗತಿ. ಇಂದು ನೋಡಸಿಗುವ ವೈದ್ಯೇಶ್ವರ ದೇವಾಲಯ ಕಣಶಿಲೆಯ ಭವ್ಯ ಕಟ್ಟಡ. ಆಳೆತ್ತರವನ್ನು ಮೀರಿದ ದ್ವಾರಪಾಲಕರ ಎದುರು ನಿಂತ ಪ್ರವಾಸಿಗೆ ಈ ಬೇಡರ ನೆನಪಾಗುವುದು ವಿರಳ.

ಕೀರ್ತಿನಾರಾಯಣ: ಗೆಲುವಿನ ನೆನಪು

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾದ ತಲಕಾಡನ್ನು 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಗೆದ್ದುಕೊಂಡನು. ಈ ಗೆಲುವು ಅವನಿಗೆ ಎಷ್ಟು ಮುಖ್ಯವಾಗಿತ್ತೆಂದರೆ ‘ತಲಕಾಡುಗೊಂಡ’ ಎಂಬ ಬಿರುದನ್ನು ಧರಿಸಿ, ಅದನ್ನು ಕನ್ನಡ ಅಕ್ಷರಗಳಲ್ಲಿ ತನ್ನ ಚಿನ್ನದ ನಾಣ್ಯಗಳ ಮೇಲೆ ಅಚ್ಚೊತ್ತಿಸಿದನು. ಆ ಗೆಲುವಿನ ಸ್ಮಾರಕವೇ ಕೀರ್ತಿನಾರಾಯಣ ದೇವಾಲಯ. ಜನರ ಎಣಿಕೆಯಲ್ಲಿ ಇದು ಬೇಲೂರು, ಮೇಲುಕೋಟೆ, ತೊಂಡನೂರು ಮತ್ತು ಗದುಗಿನ ನಾರಾಯಣರ ಜೊತೆ ಸೇರಿ ಪಂಚನಾರಾಯಣ ಕ್ಷೇತ್ರಗಳಲ್ಲಿ ಒಂದಾಗಿದೆ.

ಕೀರ್ತಿಯನ್ನು ಶಾಶ್ವತಗೊಳಿಸಲು ಕಟ್ಟಿದ ಈ ಗುಡಿಯೇ ಮುಂದೆ ಮರಳಿನಲ್ಲಿ ಹೂತುಹೋಯಿತು. ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್‌ನ 1897ರ ಆವೃತ್ತಿಯ ಹೊತ್ತಿಗೆ ಅದನ್ನು ಅಗೆದು ತೆರೆಯಲಾಗಿತ್ತು. ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಮರಳಿನ ಅಡಿಯಲ್ಲಿವೆ ಎಂಬ ಮಾತನ್ನು ಆ ಗ್ರಂಥ ಕೇಳಿದ ಮಾತಾಗಿಯೇ ದಾಖಲಿಸಿದೆ. 1990ರ ದಶಕದಲ್ಲಿ ನಡೆದ ಉತ್ಖನನಗಳು ಮರಳಿನಡಿಯ ವಸತಿಯ ಅವಶೇಷಗಳನ್ನು ಬೆಳಕಿಗೆ ತಂದವು. ಕೀರ್ತಿನಾರಾಯಣ ದೇವಾಲಯದ ಕಲ್ಲುಗಳನ್ನು ಬಿಚ್ಚಿ ಮರುಜೋಡಿಸುವ ಕಾರ್ಯವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಮುಂದೆ ಕೈಗೊಂಡಿತು.

ಮರಳು ಬಂದ ಬಗೆ

ತಲಕಾಡಿನ ಬಳಿ ಕಾವೇರಿ ದೊಡ್ಡ ತಿರುವನ್ನು ತೆಗೆದುಕೊಳ್ಳುತ್ತದೆ. ಹೊಳೆಯ ಪಾತ್ರದಲ್ಲಿ ತೇಲಿಬಂದು ನಿಂತ ಮರಳು ಒಣಗಿದಾಗ, ನೈಋತ್ಯ ಮುಂಗಾರಿನ ಗಾಳಿ ಅದನ್ನು ಊರಿನ ಮೇಲಕ್ಕೆ ಒಯ್ಯುತ್ತದೆ. ಮೇಲ್ಭಾಗದಲ್ಲಿರುವ, ವಿಜಯನಗರದ ಕಾಲದ ಮಾಧವಮಂತ್ರಿಯ ಹೆಸರಿನ ಅಣೆಕಟ್ಟು ಹೊಳೆಯ ಹರಿವನ್ನು ಬದಲಿಸಿ ಮರಳದಂಡೆಗಳನ್ನು ಗಾಳಿಗೆ ತೆರೆದಿಟ್ಟಿತೆಂಬುದು ವಿದ್ವಾಂಸರ ಒಂದು ಅಭಿಪ್ರಾಯ. ಭೂಮಿಯ ಒಳಪದರಗಳ ಚಲನೆಯಿಂದ ನದಿಯ ಪಾತ್ರವೇ ಸರಿಯಿತೆಂದು ಭೂವಿಜ್ಞಾನಿಗಳಲ್ಲಿ ಕೆಲವರು ವಾದಿಸಿದ್ದಾರೆ. ಎರಡೂ ವಾದಗಳಲ್ಲಿ ಸಮಾನವಾದ ಅಂಶವೊಂದಿದೆ: ಮರಳು ಒಂದು ದಿನದಲ್ಲಿ ಬಂದದ್ದಲ್ಲ.

ಈ ನಿಧಾನಗತಿಗೆ ಗೆಜೆಟಿಯರ್‌ನಲ್ಲಿ ಅಮೂಲ್ಯವಾದ ಸಾಕ್ಷ್ಯವಿದೆ. ಮರಳದಿಬ್ಬಗಳು ಸುಮಾರು ಒಂದು ಮೈಲಿಯ ಉದ್ದಕ್ಕೆ ಹರಡಿದ್ದವು. ಅವು ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಊರಿನ ಕಡೆಗೆ ಸರಿಯುತ್ತಿದ್ದವು. ಮೂರು ಕಡೆಯಿಂದ ಒತ್ತಿ ಬರುತ್ತಿದ್ದ ಮರಳಿಗೆ ಮನೆಗಳನ್ನು ಬಿಟ್ಟುಕೊಟ್ಟು ಜನ ಒಳಕ್ಕೆ ಸರಿದು ಹೊಸ ಮನೆ ಕಟ್ಟಿಕೊಳ್ಳಬೇಕಾಗುತ್ತಿತ್ತು. ಆದರೂ ಊರಿನ ಜನಸಂಖ್ಯೆ ಹೆಚ್ಚುತ್ತಿತ್ತು. ಅದಕ್ಕೆ ಮಾಧವಮಂತ್ರಿ ಅಣೆಕಟ್ಟಿನ ನಾಲೆಯಿಂದ ದೊರೆತ ಗದ್ದೆಯ ಬೇಸಾಯವೇ ಕಾರಣವೆಂದು ಅದೇ ಗ್ರಂಥ ಹೇಳುತ್ತದೆ.

ಈ ವಿವರಣೆಯನ್ನು ಅಣೆಕಟ್ಟಿನ ಕುರಿತ ಮೇಲಿನ ಅಭಿಪ್ರಾಯದೊಂದಿಗೆ ಇಟ್ಟು ನೋಡಿದಾಗ ತಲಕಾಡಿನ ಚರಿತ್ರೆಯ ಒಂದು ಮುಖ್ಯ ವಿಪರ್ಯಾಸ ಗೋಚರಿಸುತ್ತದೆ. ಅನ್ನ ಕೊಟ್ಟ ಅಣೆಕಟ್ಟೇ ಮನೆಗಳ ಮೇಲೆ ಮರಳನ್ನು ತಂದಿರಬಹುದು. ಜನರು ಊರನ್ನು ಬಿಡಲಿಲ್ಲ. ಗದ್ದೆಯ ಆಸರೆಯಿಂದ ನಿಂತು, ಮರಳಿಗೆ ದಾರಿ ಬಿಟ್ಟು ಬದುಕಿದರು. ತಲೆಮಾರುಗಳ ಈ ಹಿಂಜರಿಕೆ ಮತ್ತು ಹಟದ ಕಥೆ ಯಾವ ಫಲಕದಲ್ಲಿಯೂ ಪ್ರಮುಖವಾಗಿ ಕಾಣಿಸುವುದಿಲ್ಲ.

ಅಲಮೇಲಮ್ಮನ ಶಾಪ: ಸೋತವರ ನೆನಪು

ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನು (ಕೆಲವು ಕಥನಗಳಲ್ಲಿ ಶ್ರೀರಂಗರಾಯ) ವಾಸಿಯಾಗದ ರೋಗದಿಂದ ನರಳುತ್ತ ವೈದ್ಯೇಶ್ವರನ ಸೇವೆಗಾಗಿ ತಲಕಾಡಿಗೆ ಬಂದನು. ಅವನ ಮಡದಿ ಅಲಮೇಲಮ್ಮ ಗಂಡನನ್ನು ನೋಡಲು ಹೊರಟಳು. ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿತು. ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು, ವಿಶೇಷವಾಗಿ ಮುತ್ತಿನ ಮೂಗುತಿ, ಅಲಮೇಲಮ್ಮನ ವಶದಲ್ಲಿದ್ದವು. ಅವುಗಳಿಗಾಗಿ ಅರಸನ ಆಳುಗಳು ಬೆನ್ನಟ್ಟಿದಾಗ ಆಕೆ ಒಡವೆಗಳೊಂದಿಗೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮುನ್ನ ತಲಕಾಡಿಗೆ ಮರಳನ್ನೂ, ಮಾಲಂಗಿಗೆ ಮಡುವನ್ನೂ, ಮೈಸೂರು ಅರಸರಿಗೆ ಸಂತಾನಹೀನತೆಯನ್ನೂ ಶಾಪವಾಗಿ ಕೊಟ್ಟಳೆಂದು ಐತಿಹ್ಯ.

ಈ ಕಥನದ ಕಾಲಗಣನೆಯಲ್ಲಿ ತೊಡಕುಗಳಿವೆ. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದದ್ದು 1610ರಲ್ಲಿ. ಅವರು ತೀರಿಕೊಂಡದ್ದು 1617ರಲ್ಲಿ. ಆದರೆ ಗೆಜೆಟಿಯರ್ ತಲಕಾಡು ಮೈಸೂರಿಗೆ ಸೇರಿದ ವರ್ಷ 1634 ಎಂದು ಹೇಳಿ, ಅದಕ್ಕೆ ಕಾರಣವಾಗಿ ರಾಜ ಒಡೆಯರ ಕಾಲದ ಇದೇ ಕಥೆಯನ್ನು ನೀಡುತ್ತದೆ. ಬೇರೆ ಬೇರೆ ವರ್ಷಗಳ ಎರಡು ಘಟನೆಗಳು ಐತಿಹ್ಯದಲ್ಲಿ ಒಂದಾಗಿ ಬೆಸೆದುಕೊಂಡಿರುವುದು ಇಲ್ಲಿ ಸ್ಪಷ್ಟ. ಸಂತಾನದ ಮಾತೂ ಅಕ್ಷರಶಃ ಸತ್ಯವಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರಿಗೂ 2013ರಲ್ಲಿ ನಿಧನರಾದ ಶ್ರೀಕಂಠದತ್ತ ನರಸಿಂಹರಾಜ ಒಡೆಯರಿಗೂ ಮಕ್ಕಳಿರಲಿಲ್ಲವೆಂಬುದು ನಿಜ. ಆದರೆ ಚಾಮರಾಜೇಂದ್ರ ಒಡೆಯರಿಗೂ ಜಯಚಾಮರಾಜ ಒಡೆಯರಿಗೂ ಗಂಡುಮಕ್ಕಳಿದ್ದರು. 2015ರಲ್ಲಿ ದತ್ತು ಸ್ವೀಕೃತರಾದ ಯದುವೀರರಿಗೆ 2017ರಲ್ಲಿ ಮಗ ಜನಿಸಿದಾಗ ಶಾಪ ವಿಮೋಚನೆಯಾಯಿತೆಂಬ ಮಾತು ಹರಡಿತು. ಹೊಂದದ ಸಂಗತಿ ಎದುರಾದಾಗಲೂ ಐತಿಹ್ಯ ಸಾಯುವುದಿಲ್ಲ, ಹೊಸ ಮುಕ್ತಾಯವೊಂದನ್ನು ಪಡೆಯುತ್ತದೆ ಎಂಬುದಕ್ಕೆ ಇದು ಇತ್ತೀಚಿನ ನಿದರ್ಶನ.

ಹಾಗಾದರೆ ಈ ಐತಿಹ್ಯ ಯಾವುದಕ್ಕೆ ಸಾಕ್ಷಿ? 1610 ಮೈಸೂರು ಅರಸರು ಶ್ರೀರಂಗಪಟ್ಟಣದಲ್ಲಿ ದಸರಾ ಆಚರಣೆಯನ್ನು ಆರಂಭಿಸಿದ ವರ್ಷವೂ ಹೌದು. ಅಧಿಕಾರ ಕೈಬದಲಾದ ಒಂದೇ ಸಂದರ್ಭವನ್ನು ಗೆದ್ದವರು ಉತ್ಸವವಾಗಿ ನೆನೆದರು, ಸೋತವರ ಕಡೆಯ ನೆನಪು ಶಾಪವಾಗಿ ಉಳಿಯಿತು. ನ್ಯಾಯ ಕೇಳಲು ಬೇರೆ ದಾರಿಯಿಲ್ಲದ ಹೆಣ್ಣಿನ ಬಾಯಲ್ಲಿ ಶಾಪವೇ ತೀರ್ಪಾಗುವುದು ನಮ್ಮ ಮೌಖಿಕ ಪರಂಪರೆಯ ಬಲವಾದ ಆಶಯ. ನೊಂದು ಸತ್ತವಳನ್ನು ದೈವವಾಗಿಸಿ ಶಾಂತಗೊಳಿಸುವುದೂ ಅದೇ ಪರಂಪರೆಯ ಮುಂದಿನ ಹೆಜ್ಜೆ. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ವಿಗ್ರಹಕ್ಕೆ ನವರಾತ್ರಿಯಲ್ಲಿ ಪೂಜೆ ಸಲ್ಲುತ್ತ ಬಂದಿರುವುದು ಇದಕ್ಕೆ ನಿದರ್ಶನವಾಗಿದೆ. ಗೆದ್ದವರ ಹಬ್ಬದೊಳಗೇ ಸೋತವಳಿಗೂ ಒಂದು ಪೀಠ ದೊರೆತಿದೆ.

ಮೇಲಿನ ಎರಡು ಐತಿಹ್ಯಗಳೂ ವೈದ್ಯೇಶ್ವರನ ಗುಡಿಯಲ್ಲಿ ಸಂಧಿಸುತ್ತವೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಬೇಡರ ಕಥೆಯಲ್ಲಿ ಗಾಯ ಮಾಯುತ್ತದೆ. ರಾಣಿಯ ಕಥೆಯಲ್ಲಿ ಗಂಡನ ರೋಗ ವಾಸಿಯಾಗುವುದಿಲ್ಲ. ತಪ್ಪು ಮಾಡಿದ ಬೇಡರು ತಾವೇ ಗಾಯಕ್ಕೆ ಮದ್ದು ಹಚ್ಚಿದರು. ಅರಸರ ಜಗಳದಲ್ಲಿ ಅಂತಹ ಮದ್ದು ಸಿಗಲಿಲ್ಲ. ದಂಡವನ್ನು ತೆತ್ತವರು ಮಾತ್ರ ತಲಕಾಡು ಮತ್ತು ಮಾಲಂಗಿಯ ಜನ. ಒಡವೆಗೆ ಆಸೆಪಟ್ಟವರು ಅವರಲ್ಲದಿದ್ದರೂ ಶಾಪದ ಮೂರು ಪಾಲಿನಲ್ಲಿ ಎರಡು ಪಾಲು ಅವರಿಗೇ ಬಂದಿದೆ.

ಪಂಚಲಿಂಗ ದರ್ಶನ ಮತ್ತು ಮುಡುಕುತೊರೆ

ವೈದ್ಯೇಶ್ವರ, ಅರ್ಕೇಶ್ವರ, ಪಾತಾಳೇಶ್ವರ, ಮರಳೇಶ್ವರ ಮತ್ತು ಮುಡುಕುತೊರೆಯ ಮಲ್ಲಿಕಾರ್ಜುನ ಎಂಬ ಐದು ಲಿಂಗಗಳನ್ನು ಒಂದೇ ದಿನ ದರ್ಶಿಸುವುದು ಪಂಚಲಿಂಗ ದರ್ಶನ. ಕಾರ್ತಿಕ ಮಾಸದ ಅಮಾವಾಸ್ಯೆ ಸೋಮವಾರದಂದು ವಿಶೇಷ ಯೋಗದೊಡನೆ ಕೂಡಿದಾಗ ಇದು ನಡೆಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಎಂಬ ಮಾತು ರೂಢಿಯಲ್ಲಿದ್ದರೂ 1993, 2006, 2009, 2013 ಮತ್ತು 2020ರ ದರ್ಶನಗಳ ನಡುವಿನ ಅಂತರ ಮೂರರಿಂದ ಹದಿಮೂರು ವರ್ಷಗಳವರೆಗೆ ವ್ಯತ್ಯಾಸವಾಗಿದೆ. 2020ರ ಡಿಸೆಂಬರ್ 14ರ ದರ್ಶನ ಕೊರೊನಾ ಸಾಂಕ್ರಾಮಿಕದ ನಿರ್ಬಂಧಗಳ ನಡುವೆ ಜರುಗಿತು.

ಈ ಆಚರಣೆಯ ಧಾರ್ಮಿಕ ಮಹತ್ವದಷ್ಟೇ ಅದರ ವ್ಯಾವಹಾರಿಕ ಅರ್ಥವೂ ಮುಖ್ಯ. ಮರಳಿನ ನಡುವಿನ ಗುಡಿಗಳನ್ನು ದರ್ಶನಕ್ಕಾಗಿ ಬಿಡಿಸುವ, ದಾರಿಯನ್ನು ಸರಿಪಡಿಸುವ ಕೆಲಸ ಉತ್ಸವದ ಸಿದ್ಧತೆಯ ಅಂಗವಾಗಿಯೇ ಬೆಳೆದುಬಂದಿದೆ. ಪಂಚಾಂಗದ ಯೋಗವೊಂದು ಮರಳು ತೆಗೆಯುವ ಸಾಮೂಹಿಕ ಕರ್ತವ್ಯವನ್ನು ಮತ್ತೆ ಮತ್ತೆ ನೆನಪಿಸುತ್ತದೆ. ಮರಳೇಶ್ವರನಿಗೆ ಸೈಕತೇಶ್ವರ ಎಂಬ ಹೆಸರೂ ಇದೆ. ಎರಡೂ ಮರಳಿನ ಹೆಸರುಗಳೇ. ಶಾಪದ ಕಥೆಯಲ್ಲಿ ದಂಡನೆಯಾದ ಮರಳು ಇಲ್ಲಿ ದೇವರ ಹೆಸರಾಗಿದೆ. ಮರಳಿನೊಂದಿಗೆ ಬದುಕಿದ ಜನ ಅದನ್ನು ಕೇವಲ ಕೇಡು ಎಂದು ಕಂಡಿರಲಿಲ್ಲ.

ಮುಡುಕುತೊರೆಯ ಸ್ಥಿತಿ ಇನ್ನೂ ಭಿನ್ನ. ಅರ್ಜುನನು ಪ್ರತಿಷ್ಠಾಪಿಸಿದನೆಂದು ನಂಬುವ ಮಲ್ಲಿಕಾರ್ಜುನನ ಬೆಟ್ಟದ ತಪ್ಪಲಿನ ದನಗಳ ಜಾತ್ರೆ ಸುತ್ತಲಿನ ರೈತರಿಗೆ ಚಿರಪರಿಚಿತ. ಪ್ರವಾಸಿಗನಿಗೆ ಇದು ಪಟ್ಟಿಯ ಕೊನೆಯ ಹೆಸರು. ರೈತನಿಗೆ ಎತ್ತು ಕೊಳ್ಳುವ, ನೆಂಟರನ್ನು ಕಾಣುವ, ಹರಕೆ ತೀರಿಸುವ ಜಾಗ. ಶಾಪದ ಕಥೆ ಈ ಬೆಟ್ಟವನ್ನು ಮುಟ್ಟುವುದೇ ಇಲ್ಲ.

ಸಮಾರೋಪ

ತಲಕಾಡಿನ ಪ್ರೇಕ್ಷಣೀಯ ಸ್ಥಳಗಳಲ್ಲಿ ನಾಲ್ಕು ಬಗೆಯ ನೆನಪುಗಳು ಅಡಗಿವೆ: ಬೇಡರ ಮೂಲದ ನೆನಪು, ಹೊಯ್ಸಳರ ಗೆಲುವಿನ ನೆನಪು, ಸೋತ ರಾಣಿಯ ನೆನಪು ಮತ್ತು ಮರಳಿಗೆ ಹಿಂಜರಿದು ಬಾಳಿದ ಜನರ ನೆನಪು. ಮೊದಲನೆಯದು ಸ್ಥಳಪುರಾಣದಲ್ಲಿ, ಎರಡನೆಯದು ಶಾಸನ ಮತ್ತು ನಾಣ್ಯಗಳಲ್ಲಿ, ಮೂರನೆಯದು ಜನಪ್ರಿಯ ಐತಿಹ್ಯದಲ್ಲಿ ಭದ್ರವಾಗಿವೆ. ನಾಲ್ಕನೆಯದಕ್ಕೆ ಮಾತ್ರ ಗೆಜೆಟಿಯರ್‌ನ ಕೆಲವು ಸಾಲುಗಳನ್ನು ಬಿಟ್ಟರೆ ಆಸರೆ ಕಡಿಮೆ. ಹೂತ ಗುಡಿಗಳನ್ನು ಅಗೆದು ನಿಲ್ಲಿಸುವ ಕಾರ್ಯ ನಡೆದಿದೆ. ಹೂತ ಬೀದಿಗಳ, ಬಿಟ್ಟುಬಂದ ಮನೆಗಳ, ಸರಿದು ಕಟ್ಟಿಕೊಂಡ ಕೇರಿಗಳ ನೆನಪನ್ನು ಹಿರಿಯರ ಬಾಯಿಂದ ಸಂಗ್ರಹಿಸುವ ಕಾರ್ಯ ಅಷ್ಟೇ ಅಗತ್ಯವಾದುದು. ಕಲ್ಲು ಮರಳಿನಡಿಯಲ್ಲಿ ಶತಮಾನಗಳ ಕಾಲ ಉಳಿಯಬಲ್ಲದು. ಬಾಯಿಮಾತು ಒಂದು ತಲೆಮಾರಿನೊಂದಿಗೆ ಕಣ್ಮರೆಯಾಗುತ್ತದೆ. ಈ ಸಂಗ್ರಹಕಾರ್ಯ ನಡೆದಾಗ ಮಾತ್ರ ಶಾಪಗ್ರಸ್ತ ಊರೆಂಬ ಹೆಸರಿನ ಹಿಂದೆ ಹಟದಿಂದ ಬಾಳಿದ ಊರೊಂದು ಓದುಗರಿಗೂ ಪ್ರವಾಸಿಗರಿಗೂ ಕಂಡೀತು.