ಮಣ್ಣೆತ್ತು, ಟ್ರ್ಯಾಕ್ಟರ್, ಮಾವಾರ ಕಾರು

ಅಕ್ಕಾರಽ, ಹ್ವಾದ ಸೂಟ್ಯಾಗ ಮೈದುನ ನನ್ನ ಮಗಗ ಪ್ಲಾಸ್ಟಿಕ್ ಕಾರಿನ ಕಿಟ್ ತಂದ. ಡಬ್ಬಿ ತಗದ್ರ ಬರೇ ಬಿಡಿ ಭಾಗ. "ಮುರಕಾ ತಂದೀಯೇನಪಾ?" ಅಂದ್ಯಾ. "ವೈನೀ, ಜೋಡಿಸೂದಽ ಆಟ" ಅಂದ.

ಮಣ್ಣೆತ್ತಿನ ಅಮಾಸಿಗೆ ನಾವು ಎತ್ತು ಮಾಡ್ತೇವಲ್ರಿ, ಈ ಆಟದ ಇತಿಹಾಸಾನೂ ಹೊಲಕ್ಕಽ ಹತ್ತಿರ ಐತಿ. 1939ರಾಗ ಶುರುವಾದ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ, 1949ರಾಗ ಫರ್ಗ್ಯೂಸನ್ ಟ್ರ್ಯಾಕ್ಟರ್ ಮಾರೂ ಮಂದಿಗಂತ ಅದರ ಸಣ್ಣ ಮಾದರಿ ಮಾಡಿತು. ಕೈಲೆ ಜೋಡಿಸೂ ಖರ್ಚು ಉಳಿಸಾಕ ಮುಂದ ಬಿಡಿ ಭಾಗಾನಽ ಅಂಗಡಿಗೆ ಬಿಟ್ಟರು. 1958ರಾಗ ಅಮೆರಿಕದ ಎಎಂಟಿ ಕಂಪನಿ ಒಂದಽ ಡಬ್ಬ್ಯಾಗ ಮೂರು ನಮೂನಿ ಕಾರು ಕಟ್ಟೂವಷ್ಟು ಭಾಗ ಕೊಟ್ಟಿತು. ಅಲ್ಲಿಂದ ಮನಸ್ಸಿಗೆ ಬಂದ ಬಣ್ಣ ಹಚ್ಚೂದು ಹೆಚ್ಚಾತು.

ನಮ್ಮ ಡಬ್ಬಿ ಮ್ಯಾಲಿನ ಕಾರು ಕೆಂಪು. ಹುಡುಗ, "ಅಜ್ಜನ ಗಾಡಿ ಬಣ್ಣಾನಽ ಬೇಕು" ಅಂದ. ಮಾವಾರು ರಾಣೇಬೆನ್ನೂರು-ಹಾವೇರಿ ನಡುವ ಬಾಡಿಗಿ ಅಂಬಾಸಿಡರ್ ಓಡಿಸ್ತಿದ್ರು. ಮಾರಿದ ಮ್ಯಾಲ ಅದರ ಸುದ್ದೀನಽ ಎತ್ತಿದ್ದಿಲ್ಲ. ಬಿಳಿ ಬಣ್ಣಕ್ಕ ಒಂದೀಟು ಹಳದಿ ಕೂಡಿಸಿ ಹಚ್ಚಿದ್ವಿ. ಅಷ್ಟರಾಗ ನಾ ಕುಟ್ಟತಿದ್ದ ಬ್ಯಾಡಗಿ ಖಾರದ ಪುಡಿ ಹಾರಿ ಹಸಿ ಬಣ್ಣದ ಮ್ಯಾಲ ಕುಂತು! ಹುಡುಗ ಅಳಾಕ ಹತ್ತಿದ.

ಮಾವಾರು ಕಟ್ಟಿಯಿಂದ ಎದ್ದು ಬಂದ್ರು. "ಮುಟ್ಟಬ್ಯಾಡ, ಪೂರಾ ಒಣಗಲಿ. ಆಮ್ಯಾಲೆ ನೀರು ಹಚ್ಚಿ ನುಣ್ಣನ ಪಾಲಿಶ್ ಪೇಪರಲೆ ತಿಕ್ಕು, ತೆಳ್ಳಗ ಎರಡು ಸಲ ಹಚ್ಚು. ನಮ್ಮ ಗಾಡಿಗೂ ಗ್ಯಾರೇಜಿನ್ಯಾಗ ಹಂಗಽ ಮಾಡ್ತಿದ್ರು" ಅಂದ್ರು. ಅವತ್ತು ದೀಪ ಹಚ್ಚೂತನಕ ಅಜ್ಜ-ಮೊಮ್ಮಗಂದು ಅದಽ ಗಾಡಿ ಸುದ್ದಿ.

ಕಾರು ಈಗ ಮಾವಾರ ಹಾಸಿಗಿ ಕಡೆ ಮಾಡದಾಗೈತಿ. ನಿಮಗೊಂದು ಮಾತು: ಬಣ್ಣ ಹಚ್ಚೂ ದಿನ ಖಾರ ಕುಟ್ಟಬ್ಯಾಡ್ರಿ.