ಮೂವರ ಪಾಲು, ನಾಲ್ಕನೆಯವನ ಹೊಲ

ಕೆಲವು ತಿಂಗಳ ಹಿಂದೆ ರಾಣೇಬೆನ್ನೂರಿನಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ಹೊರಬಂದಾಗ, ಬ್ಯಾಡಗಿ ಕಡೆಯ ಯುವಕನೊಬ್ಬ ಪುಸ್ತಕ ಹಿಡಿದು ನಿಂತಿದ್ದ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ. "ಫಾದರ್, ಈ ಶಬ್ದದ ಅರ್ಥ ಏನ್ರಿ? ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂತಾರ" ಎಂದು ಒಂದು ಪದದ ಮೇಲೆ ಬೆರಳಿಟ್ಟ. ಪದ 'ಟ್ರಯಾರ್ಕಿ'. ಗುರುಮಠದಲ್ಲಿ ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಪಾಠ ಕೇಳಿದ್ದ ನನಗೂ ಅದು ಎಂದೂ ಎದುರಾಗಿರಲಿಲ್ಲ. ಆದರೆ ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯ ನೆನಪಿಗೆ ಬಂತು. ಗಲಿಲೇಯದ ಹೆರೋದನನ್ನು ಇಂಗ್ಲಿಷ್ ಬೈಬಲ್ 'ಟೆಟ್ರಾರ್ಕ್' ಎಂದು ಕರೆಯುತ್ತದೆ. ರಾಜ್ಯದ ನಾಲ್ಕನೆಯ ಒಂದು ಪಾಲಿನ ಅಧಿಪತಿ ಎಂಬುದು ಆ ಗ್ರೀಕ್ ಪದದ ಮೂಲಾರ್ಥ. ನಾಲ್ಕಕ್ಕೆ 'ಟೆಟ್ರಾ' ಆದರೆ ಮೂರಕ್ಕೆ 'ಟ್ರೈ'. ಹಾಗಾದರೆ ಇದು ಮೂವರು ಕೂಡಿ ಹಂಚಿಕೊಂಡ ಅಧಿಕಾರವಿರಬೇಕು ಎಂದೆ. ಸಂಜೆ ನಿಘಂಟು ತೆರೆದು ನೋಡಿದಾಗ ಊಹೆ ಸರಿಯಾಗಿತ್ತು.

ಅರ್ಥ ತಿಳಿದ ಹುಡುಗ ಸುಮ್ಮನಾಗಲಿಲ್ಲ. "ನಮ್ಮ ಕಡೆ ಯಾವಾಗಾದ್ರೂ ಹಂಗಿತ್ತೇನ್ರಿ?" ಎಂದು ಕೇಳಿದ. ಆ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇತಿಹಾಸದಲ್ಲಿ ಮೂವರ ಆಳ್ವಿಕೆಗೆ ಪ್ರಸಿದ್ಧ ನಿದರ್ಶನ ರೋಮ್. ಕ್ರಿ.ಪೂ. 43ರಲ್ಲಿ ಆಂಟನಿ, ಲೆಪಿಡಸ್ ಮತ್ತು ಒಕ್ಟೇವಿಯನ್ ಎಂಬ ಮೂವರು ಕಾನೂನಿನ ಬಲದಿಂದಲೇ ಅಧಿಕಾರ ಹಂಚಿಕೊಂಡರು. ಕ್ರಿ.ಪೂ. 36ರಲ್ಲಿ ಲೆಪಿಡಸನನ್ನು ಮೂಲೆಗೆ ತಳ್ಳಲಾಯಿತು. ಕ್ರಿ.ಪೂ. 31ರ ಆಕ್ಟಿಯಂ ಕದನದಲ್ಲಿ ಆಂಟನಿ ಸೋತನು. ಉಳಿದ ಒಬ್ಬನೇ ಔಗುಸ್ತ ಚಕ್ರವರ್ತಿಯಾದನು. ಜನಗಣತಿಯ ಆಜ್ಞೆ ಹೊರಡಿಸಿದವನೆಂದು ಕ್ರಿಸ್ತಜಯಂತಿಯ ವಾಚನದಲ್ಲಿ ನಾವು ಪ್ರತಿವರ್ಷ ಕೇಳುವ ಹೆಸರು ಅವನದೇ. ಮೂವರಿಂದ ಆರಂಭವಾದದ್ದು ಒಬ್ಬನಲ್ಲಿ ಮುಗಿಯಿತು.

ಇಂಥದೇ ಕಥೆ ನಮ್ಮ ವರದಾ, ತುಂಗಭದ್ರಾ ನದಿಗಳ ದಡದಲ್ಲಿಯೂ ನಡೆದಿದೆ. 1790ರ ಬೇಸಿಗೆಯಿಂದ ಮಳೆಗಾಲದವರೆಗೆ ಈಸ್ಟ್ ಇಂಡಿಯಾ ಕಂಪನಿಯು ಮೊದಲು ಪುಣೆಯ ಪೇಶ್ವೆಯೊಂದಿಗೆ, ಬಳಿಕ ಹೈದರಾಬಾದಿನ ನಿಜಾಮನೊಂದಿಗೆ ಒಪ್ಪಂದ ಮಾಡಿಕೊಂಡಿತು. ಮೈಸೂರಿನ ಟಿಪ್ಪು ಸುಲ್ತಾನನ ಮೇಲೆ ಮೂವರೂ ಕೂಡಿ ಯುದ್ಧ ಮಾಡಬೇಕು, ಗೆದ್ದದ್ದನ್ನು ಮೂರು ಪಾಲು ಮಾಡಬೇಕು ಎಂಬುದೇ ಅದರ ತಿರುಳು. ಪರಶುರಾಮ ಭಾವು ಪಟವರ್ಧನನ ಮರಾಠಾ ಸೇನೆ, ಕ್ಯಾಪ್ಟನ್ ಲಿಟ್ಲ್‌ನ ಇಂಗ್ಲಿಷ್ ತುಕಡಿಯೊಂದಿಗೆ ಧಾರವಾಡದ ಕೋಟೆಯನ್ನು ಆರು ತಿಂಗಳಿಗೂ ಹೆಚ್ಚು ಕಾಲ ಮುತ್ತಿ 1791ರಲ್ಲಿ ವಶಪಡಿಸಿಕೊಂಡಿತು.

1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ತನ್ನ ರಾಜ್ಯದ ಅರ್ಧವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಹಣ ಸಂದಾಯವಾಗುವವರೆಗೆ ಅವನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾದರು. ಮಲಬಾರ್, ಬಾರಾಮಹಲ್, ದಿಂಡಿಗಲ್ ಇಂಗ್ಲಿಷರ ಪಾಲಿಗೆ, ಕಡಪದ ಕಡೆಯ ಸೀಮೆ ನಿಜಾಮನ ಪಾಲಿಗೆ, ತುಂಗಭದ್ರೆಯವರೆಗಿನ ನಾಡು ಪೇಶ್ವೆಯ ಪಾಲಿಗೆ ಹೋಯಿತು. ಹೀಗೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಮರಾಠರಿಗೆ ಸೇರಿದರೆ, ಹೊಳೆಯಾಚೆಯ ಹರಿಹರ ಮೈಸೂರಿನಲ್ಲಿಯೇ ಉಳಿಯಿತು. ಇಲ್ಲಿಯ ಹೊಲದಲ್ಲಿ ಬಿತ್ತುತ್ತಿದ್ದ ರೈತನನ್ನು ಈ ಮೂವರಲ್ಲಿ ಯಾರೂ ಕೇಳಲಿಲ್ಲ. ಭೂಮಿ ಅವನದು, ಬೆವರು ಅವನದು, ಪಾಲು ಮಾತ್ರ ಮೂವರದು.

ಮೂವರ ಸ್ನೇಹ ಮೂರು ವರ್ಷವೂ ಸರಿಯಾಗಿ ಬಾಳಲಿಲ್ಲ. 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನ ಮೇಲೆಯೇ ಯುದ್ಧ ಮಾಡಿ ಗೆದ್ದರು. ಇಂಗ್ಲಿಷರು ನೋಡುತ್ತ ಕುಳಿತರು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಮತ್ತೆ ಪಾಲಿನ ಮಾತು ಬಂತು. ಷರತ್ತುಗಳೊಂದಿಗೆ ನೀಡಿದ ಭಾಗವನ್ನು ಪೇಶ್ವೆ ಒಪ್ಪಲಿಲ್ಲ. ಅದನ್ನು ಉಳಿದಿಬ್ಬರು ಹಂಚಿಕೊಂಡರು. ಮರುವರ್ಷ, 1800ರಲ್ಲಿ, ನಿಜಾಮ ತಾನು ಎರಡೂ ಯುದ್ಧಗಳಿಂದ ಪಡೆದ ಸೀಮೆಯನ್ನು ಕಂಪನಿಗೇ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪಗಳು 'ದತ್ತ ಮಂಡಲ'ವೆನಿಸಿದ್ದು ಹೀಗೆ.

ಅದೇ 1800ರ ಜೂನ್ ಕೊನೆಯಲ್ಲಿ, ಕಂಪನಿಯ ವಿರುದ್ಧ ಬಂಡೆದ್ದಿದ್ದ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ಹೊಳೆ ದಾಟಿ, ಧೋಂಡಿಯಾನ ಜನರಿದ್ದ ರಾಣೇಬೆನ್ನೂರಿನ ಕೋಟೆಗೆ ಲಗ್ಗೆಯಿಟ್ಟು ವಶಪಡಿಸಿಕೊಂಡ. ಮುಂದೆ 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಹೆಸರಿಗೆ ಪೇಶ್ವೆಯ ನಾಡು. ಅದರೊಳಗೆ ಫಿರಂಗಿ ಹಾರಿಸಿದವರು ಇಂಗ್ಲಿಷರು. ಕೊನೆಗೆ 1818ರಲ್ಲಿ ಪೇಶ್ವೆಗಿರಿಯೂ ಅಳಿಯಿತು. ರೋಮಿನಲ್ಲಿ ಆದಂತೆಯೇ ಇಲ್ಲಿಯೂ ಮೂವರಲ್ಲಿ ಒಬ್ಬನೇ ಉಳಿದ.

ಪಾಲುಗಾರರು ಹೋದರೂ ಪಾಲಿನ ಗೆರೆಗಳು ಅಳಿಯಲಿಲ್ಲ ಎಂಬುದನ್ನು ನಾವು ಮರೆಯಬಾರದು. ರಾಣೇಬೆನ್ನೂರು ಮುಂಬಯಿ ಪ್ರಾಂತಕ್ಕೆ, ಹರಿಹರ ಮೈಸೂರು ಸಂಸ್ಥಾನಕ್ಕೆ, ಹೊಳೆಯಾಚೆಯ ಹಡಗಲಿ, ಹರಪನಹಳ್ಳಿಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಒಂದೇ ನದಿಯ ನೀರು ಕುಡಿಯುವ, ಒಂದೇ ಭಾಷೆಯಾಡುವ ಬೀಗರು ಬಿಜ್ಜರು ಮೂರು ಸರ್ಕಾರಗಳ ಪ್ರಜೆಗಳಾಗಿದ್ದರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಗೆ ನಡೆದರು. 1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಕೇಳದೆ ಬಿಟ್ಟಿದ್ದ ನಾಲ್ಕನೆಯವನು ಕೊನೆಗೆ ತಾನೇ ಎದ್ದು ಮಾತನಾಡಿದ ಬಗೆಯಿದು. ಮೂರು ಕಡೆಯ ಕನ್ನಡಿಗರು ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು.

ಇಂದೂ ಅಧಿಕಾರ ಮೂರಾಗಿದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎನ್ನುತ್ತೇವೆ. ಜಿಲ್ಲೆ, ತಾಲ್ಲೂಕು, ಗ್ರಾಮ ಎಂದು ಪಂಚಾಯಿತಿಗಳೂ ಮೂರು ಹಂತದವು. ಆದರೆ 1792ರ ಮೂವರಿಗೂ ಈ ಮೂರಕ್ಕೂ ಅಂತರವಿದೆ. ಅವರು ಪರರ ಸೊತ್ತನ್ನು ಹಂಚಿಕೊಳ್ಳಲು ಕೂಡಿದವರು. ಇವು ಪ್ರಜೆ ಒಪ್ಪಿಸಿದ ಅಧಿಕಾರವನ್ನು ಯಾವೊಬ್ಬನೂ ನುಂಗದಂತೆ ಪರಸ್ಪರ ಕಾಯಲೆಂದು ರಚಿತವಾದವು. ಕಾಯಬೇಕಾದವರೇ ಹಂಚಿಕೊಳ್ಳಲು ಕೂಡಿದರೆ, ನಾವು ಮತ್ತೆ ಹಳೆಯ ಒಪ್ಪಂದದ ಕಾಲಕ್ಕೇ ಮರಳಿದಂತೆ.

ಅದನ್ನು ತಡೆಯುವವನು ನಾಲ್ಕನೆಯವನೇ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಗೆ ನಮ್ಮ ಕುಟುಂಬಗಳಿಂದ ಎಷ್ಟು ಜನ ಹೋಗುತ್ತೇವೆ? ಲೆಕ್ಕ ಓದುವಾಗ ಎದ್ದುನಿಂತು ಒಂದು ಮಾತು ಕೇಳಿದ್ದೇವೆಯೇ? ಕೇಳಲು ಹಕ್ಕಿಲ್ಲದ ಕಾಲದಲ್ಲಿ ನಮ್ಮ ಹಿರಿಯರ ಹೊಲ ಮೂವರ ಪಾಲಾಯಿತು. ಹಕ್ಕಿದ್ದೂ ಕೇಳದಿದ್ದರೆ ಯಾರನ್ನು ದೂರೋಣ?

ಮುಂದಿನ ಭಾನುವಾರ ಆ ಹುಡುಗ ಸಿಕ್ಕಾಗ ಇಷ್ಟನ್ನೂ ಹೇಳಿದೆ. ಆತ ತನ್ನ ನೋಟುಪುಸ್ತಕದಲ್ಲಿ 'ಟ್ರಯಾರ್ಕಿ' ಎಂದು ಬರೆದು, ಎದುರಿಗೆ 'ಶ್ರೀರಂಗಪಟ್ಟಣ, 1792' ಎಂದು ಸೇರಿಸಿಕೊಂಡ. ಆಮೇಲೆ ತಲೆಯೆತ್ತಿ, "ನಮ್ಮೂರ ಗ್ರಾಮಸಭಾ ಯಾವಾಗ ಐತಿ, ಯಾರಿಗೆ ಕೇಳ್ಬೇಕ್ರಿ?" ಎಂದ.