ಹಳೇ ಬಂದರು: ಕಟ್ಟಡ ಮೊದಲೋ, ದಾರಿ ಮೊದಲೋ?

ಅಮೆರಿಕದ ಬೋಸ್ಟನ್ ನಗರದಲ್ಲಿ ಸಿಲ್ವರ್ ಲೈನ್ ಎಂಬ ಬಸ್ಸು ಸೌತ್ ಸ್ಟೇಷನ್ನಿನ ನೆಲದಡಿಯಿಂದ ಹೊರಡುತ್ತದೆ. ಕೋರ್ಟ್‌ಹೌಸ್, ವರ್ಲ್ಡ್ ಟ್ರೇಡ್ ಸೆಂಟರ್ ಎಂಬ ಎರಡು ನಿಲ್ದಾಣಗಳವರೆಗೆ ಸುರಂಗದಲ್ಲಿ ಅದಕ್ಕೆ ಅಡ್ಡಿಯೇ ಇಲ್ಲ. ಆಮೇಲೆ ಮೇಲಕ್ಕೆ ಬಂದು, ಡಿ ಸ್ಟ್ರೀಟ್‌ನಲ್ಲಿ ಕಾರು–ಲಾರಿಗಳು ಹಾದುಹೋಗಲೆಂದು ಕೆಂಪು ದೀಪಕ್ಕೆ ನಿಲ್ಲುತ್ತದೆ. ರಸ್ತೆ ದಾಟಿದರೆ ಮುಂದಿನ ನಿಲ್ದಾಣ. ಆರಂಭದ ಬಸ್ಸುಗಳಿಗೆ ಅಲ್ಲಿ ಇನ್ನೊಂದು ಕೆಲಸವಿತ್ತು: ಮೇಲಿನ ತಂತಿಯಿಂದ ಕರೆಂಟು ಪಡೆಯುವ ಕಂಬಿಗಳನ್ನು ಇಳಿಸಿ, ಡೀಸೆಲ್ ಎಂಜಿನ್ ಚಾಲೂ ಮಾಡಿ, ಆಮೇಲಷ್ಟೇ ವಿಮಾನ ನಿಲ್ದಾಣದತ್ತ ಹೊರಡಬೇಕಿತ್ತು. ಅಷ್ಟು ಹೊತ್ತೂ ಪ್ರಯಾಣಿಕರು ಕಾಯಬೇಕಿತ್ತು.

2004ರ ಡಿಸೆಂಬರಿನಲ್ಲಿ ಈ ಬಸ್ಸು ಶುರುವಾದಾಗ ಅದು ಹಾದುಹೋಗುವ ಸೀಪೋರ್ಟ್ ಪ್ರದೇಶ ಬಹುಪಾಲು ಪಾರ್ಕಿಂಗ್ ಬಯಲು. 2010ರಲ್ಲಿ ಮೇಯರ್ ಥಾಮಸ್ ಮೆನಿನೊ ಅದನ್ನು ಹೊಸ ಉದ್ಯಮಗಳ ‘ಇನ್ನೊವೇಶನ್ ಡಿಸ್ಟ್ರಿಕ್ಟ್’ ಎಂದು ಸಾರಿದರು. ಮುಂದಿನ ಹತ್ತು ವರ್ಷಗಳಲ್ಲಿ ಆಫೀಸು, ಹೋಟೆಲು, ಅಪಾರ್ಟ್‌ಮೆಂಟುಗಳು ಒಂದರ ಪಕ್ಕ ಒಂದು ಎದ್ದವು. ಬಯಲಿಗೆ ಸಾಕಾಗಿದ್ದ ಬಸ್ಸು ಊರಿಗೆ ಸಾಲದಾಯಿತು.

ಬಂದರು ದಂಡೆಯಲ್ಲಿ ಹೊಸ ಊರು ಕಟ್ಟಿದ ಎಲ್ಲ ನಗರಗಳೂ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗಿ ಬಂದಿದೆ. ನೀರಿನಂಚು ಯಾರದು? ಅಲ್ಲಿಗೆ ಜನ ಹೋಗಿಬರುವುದು ಹೇಗೆ? ಜಾಗ ಮಾರುವ ಮೊದಲೇ ಉತ್ತರ ಕಂಡುಕೊಂಡ ಊರುಗಳು ಗೆದ್ದಿವೆ. ಮಿಕ್ಕವು ತೇಪೆ ಹಾಕುತ್ತ ದಶಕಗಳನ್ನು ಕಳೆದಿವೆ.

ದಂಡೆ ಖಾಲಿಯಾಗಲು ಕಾರಣ ಒಂದು ಉಕ್ಕಿನ ಪೆಟ್ಟಿಗೆ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರುಗಳನ್ನು ಹೊತ್ತು ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಮೂಟೆ ಹೊರುವ ನೂರಾರು ಕೈಗಳ ಕೆಲಸವನ್ನು ಒಂದು ಕ್ರೇನು ಮಾಡತೊಡಗಿತು. ಕಂಟೇನರ್ ಹಡಗಿಗೆ ಆಳದ ನೀರು ಬೇಕು, ಪೆಟ್ಟಿಗೆಗಳನ್ನು ಪೇರಿಸಲು ವಿಶಾಲ ಅಂಗಳ ಬೇಕು. ಊರ ನಡುವಿನ ಹಳೇ ಧಕ್ಕೆಗಳಲ್ಲಿ ಎರಡೂ ಇರಲಿಲ್ಲ. ಬಂದರುಗಳು ಊರಾಚೆಗೆ ಸರಿದವು. ಗೋದಾಮುಗಳಿಗೆ ಬೀಗ ಬಿತ್ತು.

ಅಮೆರಿಕದ ಬಾಲ್ಟಿಮೋರ್ ಅಂಥ ದಂಡೆಯಲ್ಲಿ ಅಂಗಡಿ, ಹೋಟೆಲುಗಳ ‘ಹಾರ್ಬರ್‌ಪ್ಲೇಸ್’ ಕಟ್ಟಿ 1980ರಲ್ಲಿ ಬಾಗಿಲು ತೆರೆಯಿತು. ಪಾಳುಬಿದ್ದ ಧಕ್ಕೆಗೂ ಜನ ಬರುತ್ತಾರೆ ಎಂಬುದು ಅಲ್ಲಿ ಸಾಬೀತಾಯಿತು. ಆದರೆ ಅದು ಸುತ್ತಾಡಿ ಮನೆಗೆ ಮರಳುವವರ ಜಾಗ. ಅಲ್ಲೇ ದುಡಿಯುವ, ಅಲ್ಲೇ ಬಾಳುವ ಸಾವಿರಾರು ಜನರ ಓಡಾಟದ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಲಂಡನ್ನಿನಲ್ಲಿ.

ಲಂಡನ್ನಿನ ಧಕ್ಕೆಗಳು 1967ರಿಂದ 1981ರೊಳಗೆ ಒಂದೊಂದಾಗಿ ಮುಚ್ಚಿದವು. 1981ರಲ್ಲಿ ಸರ್ಕಾರ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಸಾರಿಗೆಗೆಂದು ಆಯ್ಕೆಯಾದದ್ದು ಅಗ್ಗದ ಪರಿಹಾರ: ಸಾಧ್ಯವಾದ ಕಡೆಯಲ್ಲೆಲ್ಲ ಹಳೇ ರೈಲು ದಾರಿಯನ್ನೇ ಬಳಸಿಕೊಂಡು, ಚಾಲಕನಿಲ್ಲದೆ ಓಡುವ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ. 7.7 ಕೋಟಿ ಪೌಂಡ್ ವೆಚ್ಚದ ಈ ರೈಲು 1987ರಲ್ಲಿ 11 ಗಾಡಿ, 15 ನಿಲ್ದಾಣಗಳೊಂದಿಗೆ ಓಡತೊಡಗಿತು. ಅದೇ ವರ್ಷ ಒಲಿಂಪಿಯಾ ಅಂಡ್ ಯಾರ್ಕ್ ಕಂಪನಿ ಕ್ಯಾನರಿ ವಾರ್ಫ್ ಯೋಜನೆಯನ್ನು ಕೈಗೆತ್ತಿಕೊಂಡಿತು. ಪುಟ್ಟ ಗಾಡಿಗಳ ಪಕ್ಕದಲ್ಲೇ 235 ಮೀಟರಿನ ಗೋಪುರ ಏಳತೊಡಗಿತು. ಪ್ಲಾಟ್‌ಫಾರಂ ಉದ್ದ ಮಾಡುವುದು, ಗಾಡಿಗೆ ಗಾಡಿ ಜೋಡಿಸುವುದು ವರ್ಷಗಟ್ಟಲೆ ಮುಗಿಯದ ಕೆಲಸವಾಯಿತು.

1992ರಲ್ಲಿ ಒಲಿಂಪಿಯಾ ಅಂಡ್ ಯಾರ್ಕ್ ಕುಸಿಯಿತು. ಸಾಲದ ಹೊರೆ, ಕಟ್ಟಡ ಮಾರುಕಟ್ಟೆಯ ಮಂದಗತಿಗಳ ಜೊತೆಗೆ, ನಗರದ ಮುಖ್ಯ ಭೂಗತ ರೈಲುಜಾಲ ಅಲ್ಲಿಗೆ ತಲುಪದಿದ್ದುದೂ ಬಾಡಿಗೆದಾರರು ಹಿಂಜರಿಯಲು ಕಾರಣವಾಗಿತ್ತು. ಜುಬಿಲಿ ಲೈನ್ ಕ್ಯಾನರಿ ವಾರ್ಫ್ ಮುಟ್ಟಿದ್ದು 1999ರಲ್ಲಿ. ಎಲಿಜಬೆತ್ ಲೈನ್ ಬಂದದ್ದು 2022ರಲ್ಲಿ. ಈಗ ಅಲ್ಲಿ ಸಾರಿಗೆಗೆ ಕೊರತೆಯಿಲ್ಲ. ನೀರಿನಂಚು ಯಾರದು ಎಂಬ ಮೊದಲ ಪ್ರಶ್ನೆ ಮಾತ್ರ ಉಳಿದಿದೆ. ಕ್ಯಾನರಿ ವಾರ್ಫ್‌ನ ಚೌಕಗಳು, ಕಾಲುದಾರಿಗಳು ಸಾರ್ವಜನಿಕರಿಗೆ ತೆರೆದಿದ್ದರೂ ಒಡೆತನ ಖಾಸಗಿ. ಅಲ್ಲಿನ ಶಿಸ್ತು ನೋಡಿಕೊಳ್ಳುವವರು ಖಾಸಗಿ ಕಾವಲುಗಾರರು.

ಈ ವಿಷಯದಲ್ಲಿ ಬೋಸ್ಟನ್ ಲಂಡನ್ನಿಗಿಂತ ಮುಂದಿದೆ. ಉಬ್ಬರ–ಇಳಿತದ ನಡುವಿನ ನೆಲದಲ್ಲಿ ಮೀನು ಹಿಡಿಯುವ, ದೋಣಿ ನಡೆಸುವ ಹಕ್ಕನ್ನು ಅಲ್ಲಿನ ವಸಾಹತು ಕಾಲದ ಶಾಸನವೇ ಜನರಿಗೆ ಕೊಟ್ಟಿತ್ತು. 1866ರ ‘ಚಾಪ್ಟರ್ 91’ ಕಾನೂನು ಆ ಹಕ್ಕನ್ನು ಇವತ್ತಿನ ಕಟ್ಟಡಗಳವರೆಗೆ ತಂದಿದೆ. ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲದಲ್ಲಿ ಕಟ್ಟುವವರು ನೀರಿನಂಚನ್ನು ಜನರಿಗೆ ಬಿಟ್ಟುಕೊಡಬೇಕು. ಹೀಗೆ ತುಂಡು ತುಂಡಾಗಿ ಸೇರಿಕೊಂಡ ‘ಹಾರ್ಬರ್‌ವಾಕ್’ ಸುಮಾರು 69 ಕಿ.ಮೀ. ಉದ್ದವಾಗಿದೆ. ದುಬಾರಿ ಅಪಾರ್ಟ್‌ಮೆಂಟಿನ ಮುಂದೆಯೂ ಯಾರು ಬೇಕಾದರೂ ನಡೆಯಬಹುದು. ಬೋಸ್ಟನ್ ಎಡವಿದ್ದು ಎರಡು ಕಡೆ: ಸಾರಿಗೆಯ ಅಳತೆಯಲ್ಲಿ ಮತ್ತು ನೆಲದ ಎತ್ತರದಲ್ಲಿ. 2018ರ ಜನವರಿಯ ಚಂಡಮಾರುತದಲ್ಲಿ ಕಡಲ ನೀರು ಸೀಪೋರ್ಟಿನ ಬೀದಿಗಳಿಗೆ ನುಗ್ಗಿತು.

ಇವೆಲ್ಲಕ್ಕೂ ಒಟ್ಟಿಗೆ ಉತ್ತರ ಹುಡುಕಿದ್ದು ಜರ್ಮನಿಯ ಹ್ಯಾಂಬರ್ಗ್. ಎಲ್ಬ್ ನದಿಯ ದಂಡೆಯ 157 ಹೆಕ್ಟೇರ್ ಹಳೇ ಬಂದರಿನಲ್ಲಿ ‘ಹಾಫೆನ್‌ಸಿಟಿ’ ಕಟ್ಟುವ ಯೋಜನೆ 1997ರಲ್ಲಿ ಪ್ರಕಟವಾಯಿತು. ಮಹಾಯೋಜನೆ 2000ದಲ್ಲಿ ಸಿದ್ಧವಾಯಿತು. ನಿವೇಶನ ಕೊಡುವಾಗ ಹೆಚ್ಚು ಬೆಲೆ ಕೂಗಿದವರಿಗೇ ಕೊಡಬೇಕೆಂಬ ಹಟವಿರಲಿಲ್ಲ. ಏನು ಕಟ್ಟುತ್ತೀರಿ, ಕಟ್ಟಡದ ಕೆಳ ಅಂತಸ್ತಿನಲ್ಲಿ ಜನರಿಗೆ ಏನು ಸಿಗುತ್ತದೆ ಎಂಬುದಕ್ಕೂ ತೂಕವಿತ್ತು. ಪ್ರವಾಹ ತಡೆಯಲು ಏರಿ ಕಟ್ಟಿದ್ದರೆ ಊರಿಗೂ ನದಿಗೂ ನಡುವೆ ಗೋಡೆ ಎದ್ದಂತಾಗುತ್ತಿತ್ತು. ಅದರ ಬದಲು ಕಟ್ಟಡಗಳನ್ನೂ ಮುಖ್ಯ ರಸ್ತೆಗಳನ್ನೂ ಸಮುದ್ರಮಟ್ಟದಿಂದ ಸುಮಾರು 8 ಮೀಟರ್ ಎತ್ತರದ ದಿಬ್ಬಗಳ ಮೇಲೆ ಕೂರಿಸಿ, ನಡೆದಾಡುವ ದಂಡೆಯನ್ನು ಕೆಳಗೇ ಬಿಟ್ಟರು. ಬಿರುಗಾಳಿಗೆ ನದಿ ಉಕ್ಕಿದ ದಿನ ಕೆಳದಂಡೆ ಮುಳುಗುತ್ತದೆ. ಮೇಲಿನ ಬೀದಿಯಲ್ಲಿ ಜನ ಎಂದಿನಂತೆ ಓಡಾಡುತ್ತಾರೆ. ನೀರು ಇಳಿದ ಮೇಲೆ ದಂಡೆ ಮತ್ತೆ ಜನರ ಕೈಗೆ ಬರುತ್ತದೆ.

ಹ್ಯಾಂಬರ್ಗಿನ ಯು4 ಮೆಟ್ರೊ 2012ರ ಕೊನೆಗೆ ಓಡತೊಡಗಿದಾಗ ಕೊನೆಯ ನಿಲ್ದಾಣ ಹಾಫೆನ್‌ಸಿಟಿ ಯೂನಿವರ್ಸಿಟಿಯ ಸುತ್ತ ಬಹುತೇಕ ಖಾಲಿ ಜಾಗ, ಕ್ರೇನುಗಳು. ಮುಂದೆ ಬರಲಿರುವ ಊರಿನ ಅಳತೆಗೆ ಹಳಿ ಹಾಕಲಾಗಿತ್ತು. ಆ ನಿಲ್ದಾಣದ ಚಾವಣಿಯಿಂದ 12 ಬೆಳಕಿನ ಪೆಟ್ಟಿಗೆಗಳು ತೂಗುತ್ತವೆ. ಗಾತ್ರದಲ್ಲೂ ಆಕಾರದಲ್ಲೂ ಅವು ಹಡಗಿನ ಕಂಟೇನರುಗಳಂತಿವೆ. ಬಣ್ಣ ಬದಲಿಸುತ್ತ ಪ್ಲಾಟ್‌ಫಾರಂ ಬೆಳಗುತ್ತವೆ. ಹಳೇ ಬಂದರನ್ನು ಖಾಲಿ ಮಾಡಿಸಿದ ಪೆಟ್ಟಿಗೆಯ ನೆನಪು ಹೊಸ ಊರಿನ ಹೆಬ್ಬಾಗಿಲಲ್ಲಿ ಹೀಗೆ ಉಳಿದಿದೆ. 2018ರಲ್ಲಿ ಈ ಮಾರ್ಗ ಎಲ್ಬ್ ಸೇತುವೆಗಳವರೆಗೆ ಮುಂದುವರಿಯಿತು.

ಕೆನಡಾದ ಟೊರೊಂಟೊ ಇದಕ್ಕೆ ವಿರುದ್ಧ ಉದಾಹರಣೆ. 2001ರಲ್ಲಿ ಹುಟ್ಟಿದ ‘ವಾಟರ್‌ಫ್ರಂಟ್ ಟೊರೊಂಟೊ’ ಸಂಸ್ಥೆ ಉದ್ಯಾನಗಳನ್ನು ಮೊದಲು ಮಾಡಿತು. ಗುಲಾಬಿ ಬಣ್ಣದ ಕೊಡೆಗಳ ‘ಶುಗರ್ ಬೀಚ್’ 2010ರಲ್ಲೇ ಸಿದ್ಧವಾಯಿತು. ಆದರೆ ಪೂರ್ವ ದಂಡೆಗೆ ಯೋಜಿಸಿದ್ದ ಟ್ರಾಮ್ 2024 ಮುಗಿದರೂ ಓಡಲಿಲ್ಲ. ಅಷ್ಟರಲ್ಲಿ ಅಲ್ಲಿ ಕಾಲೇಜು, ಕಚೇರಿ, ಮನೆಗಳೆಲ್ಲ ಬಂದಿದ್ದವು.

ನಮ್ಮ ಕರಾವಳಿಗೆ ಹತ್ತಿರದ ಪಾಠ ಕೊಚ್ಚಿಯದು. ಅಲ್ಲಿ ನೀರೇ ದಾರಿ. 2023ರ ಏಪ್ರಿಲ್ 25ರಂದು ಉದ್ಘಾಟನೆಯಾದ ಕೊಚ್ಚಿ ವಾಟರ್ ಮೆಟ್ರೊ 10 ದ್ವೀಪಗಳನ್ನು 38 ಜೆಟ್ಟಿಗಳಿಂದ ಜೋಡಿಸುವ ಯೋಜನೆ. ಬ್ಯಾಟರಿ ದೋಣಿಗಳನ್ನು ಕಟ್ಟಿದ್ದು ಕೊಚ್ಚಿಯದೇ ಹಡಗುಕಟ್ಟೆ. ಜೆಟ್ಟಿ ತೇಲುವಂಥದ್ದು. ಉಬ್ಬರಕ್ಕೆ ದೋಣಿ ಏರಿದರೆ ಅದೂ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಹಾಗಾಗಿ ದೋಣಿಗೂ ಜೆಟ್ಟಿಗೂ ನಡುವೆ ಮೆಟ್ಟಿಲಿಲ್ಲ. ಗಾಲಿಕುರ್ಚಿಯವರು, ಮಗುವನ್ನು ಎತ್ತಿಕೊಂಡವರು, ಮಂಡಿನೋವಿನ ಅಜ್ಜಿಯರು ಸಲೀಸಾಗಿ ಒಳಗೆ ಹೋಗುತ್ತಾರೆ. ದ್ವೀಪದವರ ದಿನದ ಓಡಾಟವನ್ನು ಮುಂದಿಟ್ಟುಕೊಂಡು ಮಾಡಿದ ಯೋಜನೆಗೆ ಪ್ರವಾಸಿಗರೂ ಸೇರಿಕೊಂಡರು.

ಮಂಗಳೂರಿನ ನೇತ್ರಾವತಿ–ಗುರುಪುರ ನದಿಗಳಲ್ಲೂ ವಾಟರ್ ಮೆಟ್ರೊ ತರುವ ಯೋಚನೆ ನಡೆದಿದೆ. ಅಲ್ಲಿ ಜಲಮಾರ್ಗವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಹಳೇ ಬಂದರಿಗೂ ನದಿಯಾಚೆಯ ಬೆಂಗ್ರೆಗೂ ನಡುವೆ ಫೆರಿ ಬಹಳ ಕಾಲದಿಂದ ಓಡುತ್ತಿದೆ. ಯೋಜನೆಯ ಮೊದಲ ಗೆರೆ ಆ ಫೆರಿಯ ದಾರಿಯಿಂದಲೇ ಶುರುವಾಗಬೇಕು. ಜೆಟ್ಟಿಯಿಂದ ಬಸ್ ನಿಲ್ದಾಣಕ್ಕೆ ನೆರಳಿನ ಕಾಲುದಾರಿ, ನದಿಯಂಚಿನಲ್ಲಿ ಯಾರೂ ಬೇಲಿ ಹಾಕಲಾಗದ ಸಾರ್ವಜನಿಕ ಜಾಗ, ಬಲೆ ಒಣಗಿಸುವವರಿಗೆ ಅವರ ದಂಡೆ — ಇವು ನಕ್ಷೆಯಲ್ಲಿ ನಿಶ್ಚಯವಾದ ಮೇಲೆ ನದಿ ನೋಟದ ಕಟ್ಟಡಗಳಿಗೆ ಪರವಾನಗಿ ಕೊಡಲಿ.